ಯಮನಿಗೆ ಹೆಣ್ಣು ಕೊಡುವವರು ಯಾರು?

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಹೊರಡುವಾಗ ಹೇಳಿ ಹೊರಡುವುದಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟು, ಮನೆಯವರು ಒಳಗೆ ಹೋಗಿ ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿರುತ್ತೇನೆ. ಮೊನ್ನೆ ನಮ್ಮ ಗಲ್ಲಿಯಲ್ಲೇ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ತಾಂಬೂಲ ತರಲು ಒಳಗೆ ಹೋದ ಮನೆಯಾಕೆ ಹೊರಗೆ ಬಂದು ನೋಡಿದರೆ ಕುರ್ಚಿ ಖಾಲಿ. ಪಾಪ, ತೆಂಗಿನಕಾಯಿ ಹಿಡಿದುಕೊಂಡು ಗಲ್ಲಿಯ ಕೊನೆಯವರೆಗೂ ಓಡಿಬಂದರು. "ಏನಣ್ಣ ನೀವು, ಯೋಳ್ದೆ ಕೇಳ್ದೆ ಎದ್ದು ಬಂದ್ಬುಟ್ರಲ್ಲ, ನಮ್ಮನೇಲೇನು ಸಾವಾಗಿತ್ತಾ?" ಎಂದು ತರಾಟೆಗೆ ತೆಗೆದುಕೊಂಡರು. ಆಕೆ ಕೋಪಕ್ಕೆ ಅಂದದ್ದು. ನಾನು ತೆಂಗಿನಕಾಯಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಮನೆಯಿಂದ ಹೊರಡುವವನು 'ಬತ್ತೀನಿ' ಅನ್ನಬೇಕು, ಮನೆಯವರು 'ಹೋಗಿ ಬನ್ನಿ' ಅನ್ನಬೇಕು. ಸಾವಿನ ಮನೆಯಲ್ಲಿ ಮಾತ್ರ ಇವೆರಡೂ ಇಲ್ಲ. ಮುಖ ನೋಡಿ, ಒಂದಿಷ್ಟು ಹೊತ್ತು ಕೂತು, ಯಾರಿಗೂ ಹೇಳದೆ ಎದ್ದು ಹೋಗಬೇಕು. ಅಲ್ಲಿ 'ಬತ್ತೀನಿ' ಅಂದರೆ ಮತ್ತೆ ಇಂಥದೇ ಕೆಲಸಕ್ಕೆ ಬರುತ್ತೇನೆ ಅಂದ ಹಾಗೆ. 'ಹೋಗಿ ಬನ್ನಿ' ಅಂದರಂತೂ ಸಾವಿಗೇ ಮತ್ತೊಮ್ಮೆ ಬಾ ಎಂದು ಕರೆಕೊಟ್ಟ ಹಾಗೆ. ನನ್ನ ಹೊಟ್ಟೆಪಾಡು ಬಹಳ ವರ್ಷ ಸಾವಿನ ಮನೆಗಳಲ್ಲೇ ನಡೆದದ್ದರಿಂದ, ಹೇಳದೆ ಏಳುವುದು ಕಾಲಿಗೇ ಅಭ್ಯಾಸವಾಗಿಬಿಟ್ಟಿದೆ.

ಹೆದರಬೇಡಿ, ನಾನು ಫೋಟೋಗ್ರಾಫರ್. ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸ್ಟುಡಿಯೋ. ಈಗ ಫೋನಿನಲ್ಲೇ ಕ್ಯಾಮರಾ ಬಂದು ಅದು ಹೆಚ್ಚು ಕಡಿಮೆ ಜೆರಾಕ್ಸ್ ಅಂಗಡಿಯಾಗಿದೆ. ತೊಂಬತ್ತರ ದಶಕದಲ್ಲಿ ಅಂಗಡಿ ತೆರೆದಾಗ ನನಗೂ ಎಲ್ಲರ ಹಾಗೆ ಮದುವೆ, ನಾಮಕರಣ, ಸ್ಕೂಲಿನ ಗ್ರೂಪ್ ಫೋಟೋ ಎಂದೆಲ್ಲ ಆಸೆಯಿತ್ತು. ಹಿಂದಿನ ಪರದೆಗೆ ಅರಮನೆಯ ಮೆಟ್ಟಿಲು, ಕೊಳದಲ್ಲಿ ಜೋಡಿ ಹಂಸ, ಅದರಾಚೆ ನಮ್ಮ ಜಿಲ್ಲೆಯಲ್ಲಿ ಯಾರೂ ಕಾಣದ ಹಿಮದ ಬೆಟ್ಟ ಬರೆಸಿದ್ದೆ. ಪೌಡರ್ ಡಬ್ಬಿ, ಬಾಚಣಿಗೆ, ಕನ್ನಡಿ ಎಲ್ಲ ಜೋಡಿಸಿ ಕೂತರೆ ಮೊದಲ ಕರೆ ಬಂದದ್ದು ಕಂಪಲಾಪುರದ ಒಂದು ಸಾವಿನ ಮನೆಯಿಂದ.

ತೀರಿಕೊಂಡವರು ದೊಡ್ಡ ಹೊಗೆಸೊಪ್ಪಿನ ಬೆಳೆಗಾರರು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಬದುಕಿರುವ ತನಕ ಕ್ಯಾಮರಾದ ಮುಂದೆ ನಿಂತವರಲ್ಲ. ಆಯಸ್ಸೇ ಮುಗಿದ ಮೇಲೆ ಭಯವೇನು? ತಿಥಿಗೆ ಹಾರ ಹಾಕಲು ಒಂದು ಪಟ ಬೇಕಲ್ಲ ಎಂದು ಮಕ್ಕಳಿಗೆ ಆಗ ನೆನಪಾಗಿದೆ. ಮದುವೆ ಸೀಸನ್ನು, ಮೈಲಿಗೆ ಬೇಡ ಎಂದು ಬೇರೆ ಸ್ಟುಡಿಯೋದವರು ಒಪ್ಪಿರಲಿಲ್ಲ. ನಾನು ಹೊಸಬ, ನೊಣ ಹೊಡೆಯುತ್ತಾ ಕೂತಿದ್ದವನು. ಮೊಪೆಡ್ ಹತ್ತಿ ಹೋದೆ.

ಕೆಲಸ ನೀವಂದುಕೊಂಡಷ್ಟು ಸುಲಭವಲ್ಲ. ದೇಹವನ್ನು ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಂಚೆ ಬಿಗಿದು, ಬೆನ್ನಿಗೆ ಒಂದು ಬಿಳಿ ಬಟ್ಟೆ ಇಳಿಬಿಡಬೇಕು. ಕುತ್ತಿಗೆ ನಿಲ್ಲುವುದಿಲ್ಲ. ಅದಕ್ಕೆ ಒಬ್ಬರು ಬಟ್ಟೆಯ ಹಿಂದೆ ಅಡಗಿ ನಿಂತು ತಲೆ ಹಿಡಿದುಕೊಳ್ಳಬೇಕು. ನಾನು ಕ್ಯಾಮರಾ ಕಣ್ಣಿಗೆ ಹಚ್ಚಿಕೊಂಡು ಮೊದಲು ಹೇಳುತ್ತಿದ್ದ ಮಾತೇ ಅದು: "ಹಿಂದೆ ನಿಂತು ತಲೆ ಹಿಡ್ಕಳಿ." ಬೇರೆ ಫೋಟೋಗ್ರಾಫರುಗಳು 'ಅಲ್ಲಾಡಬೇಡಿ', 'ಸ್ವಲ್ಪ ನಗಿ' ಅನ್ನುವ ಜಾಗದಲ್ಲಿ ನನ್ನದು ಇದು. ನನ್ನ ಗಿರಾಕಿಗಳು ಅಲ್ಲಾಡುತ್ತಿರಲಿಲ್ಲ, ನಗು ಎಂದು ಹೇಳುವುದಂತೂ ಸಭ್ಯತೆಯಲ್ಲ.

ಆಮೇಲೆ ಸ್ಟುಡಿಯೋದಲ್ಲಿ ಸಣ್ಣ ಬ್ರಶ್ಶು ಹಿಡಿದು ಪ್ರಿಂಟಿನ ಮೇಲೆ ಮುಚ್ಚಿದ ಕಣ್ಣುಗಳನ್ನು ತೆರೆಸಬೇಕು. ಕಂಪಲಾಪುರದ ಯಜಮಾನರಿಗೆ ನಾನು ಎಂಥಾ ಕಣ್ಣು ಬರೆದೆನೋ ದೇವರೇ ಬಲ್ಲ, ಫೋಟೋ ನೋಡಿದ ಅವರ ಹೆಂಡತಿ, "ಬದ್ಕಿದ್ದಾಗ ಒಂದಿನಾನೂ ನನ್ ಇಂಗೆ ಪ್ರೀತಿಯಿಂದ ನೋಡ್ನಿಲ್ಲ ಕಣಪ್ಪ" ಎಂದು ಅತ್ತರು. ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು. ಸತ್ತವರ ಫೋಟೋ ಅಂದರೆ ಬಸ್ ಸ್ಟ್ಯಾಂಡ್ ಹಿಂದಿನವನು ಎಂದು ಸುತ್ತಲಿನ ನಾಲ್ಕೂ ತಾಲ್ಲೂಕಿಗೆ ಸುದ್ದಿ ಹೋಯಿತು. ಬದುಕಿರುವವರು ನಿಧಾನವಾಗಿ ನನ್ನ ಅಂಗಡಿ ಬಿಟ್ಟರು. ಬಸ್ ಪಾಸಿನ ಫೋಟೋಗೆ ಬಂದ ಕಾಲೇಜು ಹುಡುಗನೊಬ್ಬ, ಒಣಗಲು ನೇತುಹಾಕಿದ್ದ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದ. ಅದೇ ರೋಲಿನಲ್ಲಿ ಅವನ ಪಕ್ಕದಲ್ಲೇ ಮೂಗಿಗೆ ಹತ್ತಿ ಇಟ್ಟ ಒಬ್ಬ ತಾತ ಕೂತಿದ್ದರು. ಹುಡುಗ ಫೋಟೋ ಕೂಡ ಬೇಡ ಎಂದು ಓಡಿದ.

ಇನ್ನೊಂದು ಕಡೆ, ಕಾಯಿಲೆ ಜೋರಾದ ಹಿರಿಯರಿದ್ದರೆ ಮಕ್ಕಳು ಮುಂಚಿತವಾಗಿಯೇ ನನ್ನನ್ನು ಕರೆಸಲು ಶುರುಮಾಡಿದರು. ಹಾಸಿಗೆಯ ಮೇಲಿದ್ದವರು ನನ್ನ ಮುಖ ನೋಡಿದ ತಕ್ಷಣ ವಿಷಯ ಅರ್ಥಮಾಡಿಕೊಳ್ಳುತ್ತಿದ್ದರು. ಪಿರಿಯಾಪಟ್ಟಣದ ಹತ್ತಿರ ಒಬ್ಬ ಅಜ್ಜ ಹೀಗೆ ನನ್ನನ್ನು ಕಂಡದ್ದೇ ರೋಷದಿಂದ ಎದ್ದು ಕೂತು, "ಮುದ್ದೆ ತತ್ತಾ ಇಲ್ಲಿ" ಎಂದು ಮಗನ ಮೇಲೆ ಕೂಗಾಡಿ, ಉಂಡು, ಬದುಕಿಬಿಟ್ಟರು. ಆಮೇಲೆ ಎಷ್ಟೋ ವರ್ಷ ಸಂತೆಯಲ್ಲಿ ಸಿಕ್ಕಾಗಲೆಲ್ಲ ದೂರದಿಂದಲೇ, "ಏನ್ಲಾ, ಫಿಲಂ ಐತೇನ್ಲಾ?" ಎಂದು ಕೇಕೆ ಹಾಕುತ್ತಿದ್ದರು. ಇಡೀ ಸಂತೆಯಲ್ಲಿ ನನ್ನ ಜೊತೆ ನಗುತ್ತಿದ್ದವರು ಅವರೊಬ್ಬರೇ. ಅವರು ಹೋದಾಗ ಫೋಟೋ ತೆಗೆಯಲು ನನ್ನನ್ನೇ ಕರೆದರು. ಆ ಕಣ್ಣಿಗೆ ಮಾತ್ರ ಒಂದಿಷ್ಟು ನಗು ಬರೆದೆ.

ನನಗೆ ಸಾವಿನ ಭಯವಿರಲಿಲ್ಲ, ಒಂಟಿತನದ್ದೇ ಕಷ್ಟ. ಮೆಸ್ಸಿನಲ್ಲಿ ಊಟಕ್ಕೆ ಕೂತರೆ ನನ್ನ ಪಕ್ಕದ ಎಲೆ ಕೊನೆಯವರೆಗೂ ಖಾಲಿ. ನೆಗಡಿಯಾದವರು ನನ್ನೆದುರು ಕೆಮ್ಮುವುದಿಲ್ಲ. ಹಬ್ಬದ ದಿನ ಬೆಳಿಗ್ಗೆ ನಾನು ಎದುರಾದರೆ ಜನ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತು, ನಾನು ದಾಟಿಹೋದ ಮೇಲೆ ನಡೆಯುತ್ತಿದ್ದರು. ಯಾರೂ ಬೈದದ್ದಿಲ್ಲ, ಗೌರವವಾಗಿಯೇ ಮಾತನಾಡಿಸುತ್ತಿದ್ದರು. ಆದರೆ ವರ್ಷಾನುಗಟ್ಟಲೆ ಒಬ್ಬರ ಬಾಯಲ್ಲೂ 'ಹೋಗಿ ಬನ್ನಿ' ಎಂಬ ಮಾತು ಬೀಳದಿದ್ದರೆ ಮನುಷ್ಯನಿಗೆ ಹೇಗಾಗುತ್ತದೆ ಎನ್ನುವುದನ್ನು ಅನುಭವಿಸಿಯೇ ತಿಳಿಯಬೇಕು.

ಅಂಥ ದಿನಗಳಲ್ಲಿ ಒಂದು ಬೇಸಗೆ ಹನಗೋಡಿನಿಂದ ಕರೆ ಬಂತು. ಹೊಳೆಯ ಕಡೆಗಿನ ಬೀದಿಯಲ್ಲಿ ಒಬ್ಬ ಅಜ್ಜಿ ತೀರಿಕೊಂಡಿದ್ದರು. ಜಗಲಿಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಬಳಿದು, ಎಲ್ಲ ಸಿದ್ಧಮಾಡಿದ್ದರು. "ಹಿಂದೆ ನಿಂತು ತಲೆ ಹಿಡ್ಕಳಿ" ಎಂದೆ. ಗಂಡಸರು ಮುಖ ಮುಖ ನೋಡಿಕೊಂಡರು. ಆಗ ಮೊಮ್ಮಗಳು ಮುಂದೆ ಬಂದು, "ನಾನ್ ಇಡ್ಕತೀನಿ, ಸರೀರಿ" ಎಂದು ಬಟ್ಟೆಯ ಹಿಂದೆ ಹೋಗಿ ಕೂತಳು. ಹೆಸರು ಮಂಜುಳ. ಫೋಟೋ ಮುಗಿಯುವವರೆಗೂ ಬಟ್ಟೆಯ ಹಿಂದಿನಿಂದ ಅವಳು ಅಜ್ಜಿಯ ಕಿವಿಯಲ್ಲಿ, "ಒಂಚೂರು ತಡಿ ಅಜ್ಜಿ, ಆಯ್ತು, ಇನ್ನೇನ್ ಆಗೋಯ್ತು" ಎಂದು ಸಮಾಧಾನ ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೇಳದೆ ಎದ್ದೆ. ಅಂಗಳ ದಾಟುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಮಂಜುಳ, ಅತ್ತು ಅತ್ತು ಮೈಮೇಲೆ ಜ್ಞಾನವಿತ್ತೋ ಇಲ್ಲವೋ, "ಓಗ್ಬುಟ್ಟು ಬನ್ನಿ" ಎಂದುಬಿಟ್ಟಳು.

ಅಳುವ ಹೆಂಗಸರೆಲ್ಲ ಒಂದೇ ಸಲ ಅಳು ನಿಲ್ಲಿಸಿದರು. ಯಾರೋ ಮುದುಕಿ, "ಅಯ್ಯೋ ನಿನ್ ಬಾಯ್ಗೆ ಮಣ್ಣಾಕ! ಯಾರ್ಗೆ ಏನ್ ಅಂತಾ ಇದ್ದೀಯೆ!" ಎಂದು ಬೆನ್ನಿಗೊಂದು ಗುದ್ದಿದರು. ಇನ್ನೊಬ್ಬರು ಒಂದು ಚೆಂಬು ನೀರು ತಂದು ಹೊಸಿಲಿಗೆ ಸುರಿದರು. ನಾನು ತಿರುಗಿ ನೋಡಬಾರದಿತ್ತು, ನೋಡಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹುಣಸೂರಿನ ದಾರಿಯುದ್ದಕ್ಕೂ ಮೊಪೆಡ್ಡಿನ ಮೇಲೆ ಕೂತು ನಾನು ಅತ್ತೆ. ಧೂಳಿಗೆ ಎಂದು ನೆಪ ಹೇಳಬಹುದಿತ್ತು, ಕೇಳುವವರಾದರೂ ಯಾರಿದ್ದರು?

ತಿಥಿಗೆ ಮೊದಲು ಅವಳ ಅಪ್ಪ ಸ್ಟುಡಿಯೋಗೆ ಬಂದು ಫೋಟೋ ತೆಗೆದುಕೊಂಡು ಹೋದರು. ಅಜ್ಜಿಯ ಕಣ್ಣಿಗೆ ನಾನು ಮೊಮ್ಮಗಳ ಕಣ್ಣನ್ನೇ ಬರೆದುಬಿಟ್ಟಿದ್ದೆ. ಅವರಿಗೆ ಗೊತ್ತಾಗಲಿಲ್ಲ. "ನಮ್ಮವ್ವ ಚಿಕ್ಕೋಳಾಗಿದ್ದಾಗ ಇಂಗೇ ಇದ್ದಿರ್ಬೇಕು ಕಣ್ರೀ" ಎಂದು ಸಂತೋಷಪಟ್ಟರು.

ಇಷ್ಟರಲ್ಲಿ ಹನಗೋಡಿನ ಟೆಂಟ್ ಟಾಕೀಸಿಗೆ ಒಂದು ಸಿನಿಮಾ ಬಂತು. ಮಳೆಗಾಲ ಹಿಡಿದರೆ ಟೆಂಟು ಕಿತ್ತುಕೊಂಡು ಹೋಗುತ್ತಾರೆ, ಅದಕ್ಕೆ ಮುಂಚಿನ ಕೊನೆಯ ಚಿತ್ರ. ಹೆಸರು ಬೇಡ ಬಿಡಿ. ಪೇಟೆಯಲ್ಲಿ ಓಡದೆ, ಮೈತುಂಬ ಗೀರು ಬಿದ್ದು, ನಮ್ಮ ಪಾಲಿಗೆ ಬಂದ ಚಿತ್ರ ಅದು. ಹುಣಸೂರಿನಲ್ಲೇ ಥಿಯೇಟರಿದ್ದೂ ಅಷ್ಟು ದೂರ ಟೆಂಟಿಗೆ ಯಾಕೆ ಹೋದೆ ಎಂದು ದಯವಿಟ್ಟು ಕೇಳಬೇಡಿ.

ಕತೆ ಇಷ್ಟು. ಸಂಗೀತ ಕಲಿಸುವ ಒಬ್ಬ ಹುಡುಗಿಯ ಮನೆಯ ಮಹಡಿಗೆ ಹೊಸ ಬಾಡಿಗೆದಾರ ಬರುತ್ತಾನೆ. ಬಿಳಿ ಪ್ಯಾಂಟು, ಬಿಳಿ ಶರ್ಟು, ಹಣೆಯ ಮೇಲೆ ಬೀಳುವ ಕೂದಲು. ಅವನು ಯಮ. ಹುಡುಗಿಯನ್ನು ಕರೆದೊಯ್ಯಲು ಬಂದವನು, ದಿನ ಇನ್ನೂ ತುಂಬಿಲ್ಲ ಎಂದು ಕಾಯುತ್ತಿದ್ದಾನೆ. ಕೋಣವನ್ನು ಎಲ್ಲಿ ಕಟ್ಟಿ ಬಂದ ಎನ್ನುವುದನ್ನು ಮಾತ್ರ ಸಿನಿಮಾದವರು ತೋರಿಸಲಿಲ್ಲ. ಅವನು ಮುಟ್ಟಿದ ಗಿಡ ಒಣಗುತ್ತದೆ, ಗಿಳಿ ಸಾಯುತ್ತದೆ. ಅದಕ್ಕೆ ಯಾವಾಗಲೂ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಆ ಹುಡುಗಿಗೋ ಅವನ ಮೇಲೆ ಪ್ರೀತಿ. ಜೇಬಿನಿಂದ ಕೈ ತೆಗೆಯದೆ ಒಬ್ಬ ನಾಯಕ ಪೂರ್ತಿ ಡ್ಯುಯೆಟ್ ಹಾಡಿದ್ದನ್ನು ನಾನು ನೋಡಿದ್ದು ಅದೊಂದರಲ್ಲೇ. ಕೊನೆಗೆ ಅವಳನ್ನು ಮುಟ್ಟದೆ, ಬದುಕಲಿ ಎಂದು ಬಿಟ್ಟು, ಒಬ್ಬನೇ ಮಂಜಿನಲ್ಲಿ ನಡೆದು ಹೋಗಿಬಿಡುತ್ತಾನೆ.

ಯಮ ಮೊದಲ ಸಲ ಪರದೆಯ ಮೇಲೆ ಬಂದಾಗ ಅವನ ಹೆಗಲಲ್ಲೊಂದು ಚೀಲವಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನೂ ನನ್ನ ಹೆಗಲು ಮುಟ್ಟಿಕೊಂಡೆ. ನೆಲದ ಮೇಲೆ ಕೂತಿದ್ದ ಯಾರೋ, "ಲೇ, ಫೋಟೋದವ್ನು ಕಣ್ರಲಾ!" ಎಂದು ಕೂಗಿದ. ಟೆಂಟಿಗೆ ಟೆಂಟೇ ನಕ್ಕಿತು. ನನಗೆ ಅವಮಾನವಾಗಬೇಕಿತ್ತು, ಆಗಲಿಲ್ಲ. ಮೀಸೆ, ಗದೆ, ಕೋಣ ಇಲ್ಲದ ಇಷ್ಟು ಲಕ್ಷಣವಾದ ಯಮನನ್ನು ನಾನೆಂದೂ ಕಂಡಿರಲಿಲ್ಲ. ಒಂದು ಹುಡುಗಿ ಅವನಿಗೆ ತಟ್ಟೆಯಲ್ಲಿ ಅನ್ನ ಹಾಕಿ ಎದುರಿಗೆ ಕೂತು ಮಾತನಾಡಿಸುತ್ತಿದ್ದಾಳೆ! ನಾನು ಬೆಂಚಿನ ಮೇಲೆ ನೆಟ್ಟಗೆ ಕೂತೆ. ಹೆಂಗಸರ ಕಡೆಯಲ್ಲಿ ಮಂಜುಳ ಇದ್ದಳು. ಎಲ್ಲರೂ ನನ್ನ ಕಡೆ ತಿರುಗಿ ನಗುವಾಗ ಅವಳು ನಗಲಿಲ್ಲ, ಸುಮ್ಮನೆ ನೋಡಿದಳು.

ಆಟ ಬಿಟ್ಟಾಗ ನನ್ನ ಮುಂದೆ ನಡೆಯುತ್ತಿದ್ದ ಒಬ್ಬ ಮುದುಕಿ ಮೂಗು ಸೀಟುತ್ತಾ ಮಗಳಿಗೆ ಹೇಳುತ್ತಿದ್ದಳು: "ಪಾಪ ಕಣವ್ವ, ಅಂತಾ ಒಳ್ಳೆ ಯಮನ್ಗೂ ಒಂದ್ ಎಣ್ಣು ಕೊಡ್ನಿಲ್ವಲ್ಲ ಅವ್ರು!" ಅಷ್ಟರಲ್ಲಿ ತಿರುಗಿ ನನ್ನನ್ನು ನೋಡಿದಳು. ಮಗಳ ಕೈ ಹಿಡಿದುಕೊಂಡು ಸರಸರನೆ ಮುಂದೆ ಹೋದಳು. ಆವತ್ತಿನಿಂದ ನನಗೆ ಊರಿನಲ್ಲಿ ಯಮರಾಜ ಎಂದೇ ಹೆಸರಾಯಿತು.

ನನಗೆ ಇದ್ದವಳು ಒಬ್ಬಳು ಅಕ್ಕ. ಹ್ಯಾಂಡ್‌ಪೋಸ್ಟ್ ಎನ್ನುವ ಕೂಡುರಸ್ತೆಯಲ್ಲಿ ಇಡ್ಲಿ ಅಂಗಡಿ ಇಟ್ಟಿದ್ದಳು. ಎಚ್.ಡಿ. ಕೋಟೆ ಬಸ್ಸಿಗೆ ಕಾಯುವವರಿಗೆಲ್ಲ ಇಡ್ಲಿ ಹಾಕಿಕೊಡುತ್ತಲೇ ತಮ್ಮನಿಗೆ ಹೆಣ್ಣು ವಿಚಾರಿಸುತ್ತಿದ್ದಳು. ಅವಳ ವರದಿ ಯಾವಾಗಲೂ ಒಂದೇ.

"ಉಡ್ಗ ಏನ್ ಮಾಡ್ತಾನೆ ಅಂತಾರೆ. ಫೋಟೋ ತೆಗೀತಾನೆ ಅಂತೀನಿ. ಉಣಸೂರಲ್ಲಾ ಅಂತಾರೆ. ಊಂ ಅಂತೀನಿ. ಅಷ್ಟೇ ಕಣ್ಲಾ, ಇಡ್ಲೀನ ಅರ್ಧಕ್ಕೇ ಬುಟ್ಟು ಬಸ್ ಬಂತು ಅಂತ ಎದ್ದೋಯ್ತಾರೆ. ಬಸ್ಸೇ ಬಂದಿರಾಕಿಲ್ಲ!"

ನಾನು ಮಂಜುಳ ಅಂದ ಮಾತನ್ನು ಅವಳಿಗೆ ಹೇಳಿದೆ. ಟೆಂಟಿನಲ್ಲಿ ಅವಳು ನಗದೇ ಇದ್ದದ್ದನ್ನೂ ಹೇಳಿದೆ. ಅಕ್ಕ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಬಾಯ್ತಪ್ಪಿ ಅಂದ ಒಂದ್ ಮಾತ್ಗೆ ಇಷ್ಟೊಂದು ಆಸೆ ಇಟ್ಕಂಡಿದ್ದೀಯಲ್ಲೋ ಮಂಕೆ."

"ಬಾಯ್ತಪ್ಪಿ ಆದ್ರೂ ಅಂದ್ಳಲ್ಲಕ್ಕ."

ಅಕ್ಕ ಎರಡು ಇಡ್ಲಿ ಹಾಕಿ ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು. ಆಮೇಲೆ, "ಬುಡು, ಆಸಾಡ ಒಂದ್ ಕಳೀಲಿ. ನಾನೇ ಓಗಿ ಅವ್ರವ್ವನ್ನ ಕೇಳ್ತೀನಿ. ಆಸಾಡದಲ್ಲಿ ಎಣ್ಣಿನ ಮಾತೆತ್ತಬಾರ್ದು" ಎಂದಳು.

ಆ ಆಷಾಢ ಮುಗಿಯುವಂತೆಯೇ ಕಾಣಲಿಲ್ಲ. ನಾನು ಒಂದು ಬಿಳಿ ಶರ್ಟು ಹೊಲಿಸಿದೆ. ಕೂದಲಿಗೆ ಎಣ್ಣೆ ಹಾಕುವುದು ಬಿಟ್ಟೆ. ಕೈಯನ್ನು ಜೇಬಿನಲ್ಲಿಟ್ಟು ನಡೆಯುವುದನ್ನು ಕಲಿಯಲು ಹೋಗಿ ಬಸ್ ಸ್ಟ್ಯಾಂಡಿನ ಕಲ್ಲಿಗೆ ಎಡವಿ ಮಕಾಡೆ ಬಿದ್ದೆ. ಯಾರೂ ಎತ್ತಲು ಬರಲಿಲ್ಲ, ಯಮನನ್ನು ಮುಟ್ಟಿ ಎತ್ತುವವರಾರು? ನಾನೇ ಎದ್ದು, ಧೂಳು ಕೊಡವಿಕೊಂಡು, ಸುಮ್ಮನೆ ನಕ್ಕುಕೊಂಡು ಹೋದೆ. ಮನಸ್ಸಿನಲ್ಲಿ ಆಸೆ ಇದ್ದಾಗ ಬಿದ್ದರೂ ಅಷ್ಟು ನೋಯುವುದಿಲ್ಲ.

ಆಷಾಢ ಮುಗಿಯುವ ಮುಂಚೆಯೇ ಮಂಜುಳಳ ಅಪ್ಪ ಸ್ಟುಡಿಯೋಗೆ ಬಂದರು. ಕುರ್ಚಿ ಒರೆಸಿ ಕೊಟ್ಟೆ. ಅವರು ಕೂರಲಿಲ್ಲ.

"ಮಗಳ್ದು ಒಂದ್ ಫೋಟೋ ಆಗ್ಬೇಕಿತ್ತು. ಕೆ.ಆರ್. ನಗರದ ಕಡೆಯಿಂದ ಗಂಡು ಬಂದೈತೆ. ಸ್ರಾವಣ ಉಟ್ತಿದ್ದಂಗೆ ಫೋಟೋ ಕಳುಸ್ಬೇಕು" ಎಂದರು. ಆಮೇಲೆ ಸಂಕೋಚದಿಂದ ತಲೆ ಕೆರೆದುಕೊಂಡು, "ತಪ್ಪು ತಿಳ್ಕಬ್ಯಾಡಿ, ನಾವು ಬ್ಯಾರೆ ಕಡೇನೇ ತೆಗುಸ್ಬೇಕು ಅಂತಿದ್ವಿ. ಅವ್ಳು ಒಂದೇ ಹಟ. ಅಜ್ಜೀದು ತೆಗ್ದೋರೇ ತೆಗೀಬೇಕು, ಇನ್ನೊಬ್ರ ಮುಂದೆ ಕೂರಾಕಿಲ್ಲ ಅಂತ ಕುಂತವ್ಳೆ" ಎಂದರು.

ಈ ಮಾತನ್ನು ಸುಖದಲ್ಲಿ ಸೇರಿಸಬೇಕೋ ದುಃಖದಲ್ಲೋ ನನಗೆ ಇವತ್ತಿಗೂ ತಿಳಿದಿಲ್ಲ. "ಆಗ್ಲಿ, ಕರ್ಕೊಂಡು ಬನ್ನಿ" ಎಂದೆ.

ಅವರು ಬರುವ ದಿನ ಬೆಳಿಗ್ಗೆ ಕ್ಯಾಮರಾದಲ್ಲಿದ್ದ ಅರ್ಧ ರೋಲನ್ನು ಸುತ್ತಿ ತೆಗೆದೆ. ಅದರಲ್ಲಿ ಯಾರು ಯಾರೋ ಸತ್ತವರಿದ್ದರು. ಹೊಸ ರೋಲು ಹಾಕಿದೆ, ಅವಳ ಪಕ್ಕದಲ್ಲಿ ಯಾರೂ ಬೇಡ ಎಂದು. ನಿಮ್ಮ ಹತ್ತಿರ ಮುಚ್ಚುಮರೆಯೇಕೆ, ಇನ್ನೊಂದು ಯೋಚನೆಯೂ ಬಂದಿತ್ತು. ಹೆಣ್ಣಿನ ಫೋಟೋ ಕೆಡಿಸುವುದು ನಮ್ಮ ಕಸುಬಿನಲ್ಲಿ ಬಹಳ ಸುಲಭ. ರೆಪ್ಪೆ ಅರ್ಧ ಮುಚ್ಚಿದಾಗ ಒತ್ತಿದರೆ ಸಾಕು, ಗಂಡಿನ ಕಡೆಯವರು ಮುಂದಿನ ಮನೆಗೆ ಹೋಗುತ್ತಾರೆ. ಶ್ರಾವಣದಲ್ಲಿ ಅಕ್ಕ ಹೋಗಿ ಕೇಳುತ್ತಾಳೆ. ಈ ಯೋಚನೆಯನ್ನು ತಲೆಯಲ್ಲಿಟ್ಟುಕೊಂಡೇ ಪರದೆಯ ಹಂಸಗಳ ಮೇಲಿನ ಧೂಳು ಹೊಡೆದೆ.

ಅವಳು ಅವ್ವನ ಜೊತೆ ಬಂದಳು. ಹಸಿರು ಸೀರೆ, ಮುಡಿತುಂಬ ಕನಕಾಂಬರ. ಕುರ್ಚಿಯಲ್ಲಿ ಕೂತದ್ದೇ ತಲೆ ತಗ್ಗಿಸಿದಳು. ಮುಖದಲ್ಲಿ ಒಂದಿಷ್ಟೂ ಗೆಲುವಿಲ್ಲ. ಬೇರೆ ಯಾವ ಸ್ಟುಡಿಯೋದವನಾದರೂ ಬಂದು ಗಲ್ಲಕ್ಕೆ ಬೆರಳು ಕೊಟ್ಟು ಮುಖ ಎತ್ತುತ್ತಿದ್ದ. ನಾನು ಎರಡು ಹೆಜ್ಜೆ ಮುಂದೆ ಹೋದೆ. ಕೈ ಏಳಲಿಲ್ಲ. ಎಷ್ಟು ಸಾವಿನ ಮನೆಗಳಲ್ಲಿ ಎಷ್ಟು ಗಲ್ಲ ಮುಟ್ಟಿದ್ದ ಕೈ ಅದು. ಹಾಗೇ ಹಿಂದೆ ಬಂದು ಕ್ಯಾಮರಾ ಕಣ್ಣಿಗೆ ಹಚ್ಚಿಕೊಂಡೆ. ಗಾಜಿನೊಳಗೆ ಅವಳ ತಗ್ಗಿದ ತಲೆ ಕಾಣುತ್ತಿತ್ತು. ಗಾಬರಿಯಲ್ಲಿ, ಅಭ್ಯಾಸಬಲದಲ್ಲಿ, ಅವಳ ಅವ್ವನಿಗೆ ಹೇಳಿಬಿಟ್ಟೆ:

"ಹಿಂದೆ ನಿಂತು ತಲೆ ಹಿಡ್ಕಳಿ!"

ಅವ್ವ ಎದೆಗೆ ಕೈ ಇಟ್ಟುಕೊಂಡು ನಿಂತಲ್ಲೇ ನಿಂತರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆಮೇಲೆ ಮಂಜುಳ ತಲೆ ಎತ್ತಿದಳು. ನನ್ನನ್ನು ನೋಡಿದಳು. ಮೊದಲು ತುಟಿ ಕಚ್ಚಿ ತಡೆದುಕೊಂಡಳು, ಆಗಲಿಲ್ಲ. ಪಕಪಕನೆ ನಕ್ಕುಬಿಟ್ಟಳು. ಆ ನಗುವಿಗೆ ಕಣ್ಣಂಚಿನಲ್ಲಿ ನೀರು ಬಂತು, ಮುಡಿಯ ಹೂವು ಅಲ್ಲಾಡಿತು. ರೆಪ್ಪೆಯ ಲೆಕ್ಕಾಚಾರವೆಲ್ಲ ನನಗೆ ಮರೆತೇಹೋಗಿತ್ತು. ಬೆರಳು ತನ್ನಷ್ಟಕ್ಕೆ ಒತ್ತಿತು.

ಅವಳ ಅವ್ವ ಮಾತ್ರ ನಗಲಿಲ್ಲ. "ಅಪಸಕುನ ನುಡುದ್ಬುಟ್ರಲ್ಲ! ನೀನ್ ಅಲ್ಲೇ ಕುಂತಿರು, ಏಳ್ಬ್ಯಾಡ" ಎಂದು ಮಗಳಿಗೆ ಹೇಳಿ, ಗಲ್ಲಿಯ ಮೂಲೆಯ ಮಾರಮ್ಮನ ಗುಡಿಯಿಂದ ಕುಂಕುಮ ತರಲು ಓಡಿದರು. ಸ್ಟುಡಿಯೋದಲ್ಲಿ ನಾವಿಬ್ಬರೇ ಉಳಿದೆವು. ಹಿಂದೆ ಹಂಸಗಳು, ಹಿಮದ ಬೆಟ್ಟ. ನಾನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕಂಬದ ಹಾಗೆ ನಿಂತಿದ್ದೆ.

"ಆ ಸಿನ್ಮಾ ನೋಡುದ್ರಲ್ಲ" ಎಂದಳು ಮಂಜುಳ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಕೊನೇಲಿ ಅವ್ನು ಓಗ್ಬಾರ್ದಿತ್ತು, ಅಲ್ವ?"

"ಓಗ್ದೆ ಏನ್ ಮಾಡ್ತಾನೆ? ಮುಟ್ಟುದ್ರೆ ಅವ್ಳು ಸತ್ತೋಗ್ತಾಳಲ್ಲ."

"ಮುಟ್ದೇನೇ ಇರ್ಬೋದಿತ್ತಲ್ಲ. ಸುಮ್ನೆ ಮಹಡೀಲಿ ಕುಂತಿದ್ರೆ ಆಯ್ತಿತ್ತು. ಅವ್ಳೇನು ಬ್ಯಾಡ ಅಂದಿದ್ಲಾ?"

ಅವಳ ಅಪ್ಪ ಫೋಟೋ ಕಳಿಸುವುದಾಗಿ ಮಾತು ಕೊಟ್ಟಾಗಿತ್ತು, ಗಂಡಿನ ಮನೆಯವರು ಕಾಯುತ್ತಿದ್ದರು. ಈಗ ನಾನು ಬಾಯಿಬಿಟ್ಟರೆ ಊರು ಅವಳನ್ನೂ ನನ್ನಂತೆಯೇ ದೂರದಿಂದ ನೋಡುತ್ತದೆ. ಯಮನ ಹೆಂಡತಿ ಎದುರು ಬಂದರೆ ಜನ ಚಪ್ಪಲಿ ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಾರೆ. ಅವಳ ಪಕ್ಕದ ಎಲೆಯೂ ಖಾಲಿ ಉಳಿಯುತ್ತದೆ. ಆ ಬದುಕು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

"ಅವ್ನಿಗೆ ಅವ್ಳು ನಗ್ತಾ ಇರ್ಲಿ ಅಂತ ಆಸೆ ಇತ್ತು ಕಣ್ರೀ" ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವ್ವ ಏದುಸಿರು ಬಿಡುತ್ತಾ ಬಂದು ಮಗಳ ಹಣೆಗೆ ಕುಂಕುಮ ಬಳಿದರು. ಕೈಯಲ್ಲಿ ಉಳಿದದ್ದನ್ನು ನನ್ನ ಕ್ಯಾಮರಾಕ್ಕೂ ಒಂದು ಬೊಟ್ಟು ಇಟ್ಟರು. ಆ ರೋಲಿನಲ್ಲಿ ಅದೊಂದು ಫೋಟೋ ಬಿಟ್ಟು ನಾನು ಇನ್ನೇನೂ ತೆಗೆಯಲಿಲ್ಲ, ಮಿಕ್ಕದ್ದನ್ನು ಖಾಲಿ ಬಿಟ್ಟೇ ತೊಳೆದೆ.

ಫೋಟೋ ನೋಡಿದ ದಿನವೇ ಗಂಡಿನ ಕಡೆಯವರು ಒಪ್ಪಿದರಂತೆ. ಮದುವೆ ಕೆ.ಆರ್. ನಗರದಲ್ಲಿ ಆಯಿತು. ಫೋಟೋ ತೆಗೆಯಲು ನನ್ನನ್ನು ಕರೆಯಲಿಲ್ಲ, ಕರೆಯುವುದೂ ಇಲ್ಲವೆಂದು ಗೊತ್ತಿತ್ತು. ಆದರೂ ಆ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಬಿಳಿ ಶರ್ಟು ಹಾಕಿಕೊಂಡು, ಅಂಗಡಿ ತೆರೆದು ಸುಮ್ಮನೆ ಕೂತಿದ್ದೆ. ಮಧ್ಯಾಹ್ನ ಅಕ್ಕ ಹ್ಯಾಂಡ್‌ಪೋಸ್ಟಿನಿಂದ ಬಂದು ಡಬ್ಬಿಯಲ್ಲಿ ತಂದಿದ್ದ ಪಾಯಸ ಮುಂದಿಟ್ಟಳು. ಇಬ್ಬರೂ ಹಂಚಿಕೊಂಡು ತಿಂದೆವು.

ಬಹಳ ವರ್ಷಗಳಾದ ಮೇಲೆ ಮಂಜುಳಳ ಅಪ್ಪ ಪಹಣಿ ಜೆರಾಕ್ಸ್ ಮಾಡಿಸಲು ಬಂದಿದ್ದರು. ಮಗಳಿಗೆ ಇಬ್ಬರು ಮಕ್ಕಳು, ಸುಖವಾಗಿದ್ದಾಳೆ ಎಂದರು. "ನೀವ್ ತೆಗ್ದ ಫೋಟೋನ ಬೀಗ್ರು ದೊಡ್ಡದ್ ಮಾಡ್ಸಿ ಮನೆ ಆಲ್‌ನಲ್ಲಿ ಆಕವ್ರೆ ಕಣ್ರೀ. ಬಂದೋರೆಲ್ಲ ಕೇಳ್ತಾರಂತೆ, ಎಣ್ಣು ಇಷ್ಟ್ ಚೆನ್ನಾಗ್ ನಗಂಗೆ ಯಾರು ತೆಗುದ್ರು ಅಂತ. ನಮ್ಮ ಅಳೀಮಯ್ಯನ್ಗಂತೂ ತನ್ನನ್ನೇ ನೋಡಿ ನಗ್ತಾವ್ಳೆ ಅಂತ ಜಂಬ" ಎಂದು ನಕ್ಕರು. ನಾನೂ ನಕ್ಕೆ. ಆ ಅಳಿಯನನ್ನು ಅವಳು ಆಗ ನೋಡಿಯೇ ಇರಲಿಲ್ಲ ಎನ್ನುವುದು ಅವರಿಗೆ ನೆನಪಾಗಲಿಲ್ಲ, ನಾನು ನೆನಪಿಸಲೂ ಇಲ್ಲ.

ಅವರು ಹೋದ ಮೇಲೆ ಆ ನೆಗೆಟಿವ್ ಹುಡುಕಿ ತೆಗೆದು, ನನಗೆಂದೇ ದೊಡ್ಡದೊಂದು ಪ್ರಿಂಟು ಹಾಕಿದೆ. ಊರಿನ ಎಲ್ಲ ಸ್ಟುಡಿಯೋದವರೂ ತಮ್ಮ ಒಳ್ಳೆಯ ಫೋಟೋವನ್ನು ಬೀದಿಗೆ ಕಾಣುವ ಹಾಗೆ ಗಾಜಿನ ಹಿಂದೆ ಇಡುತ್ತಾರೆ. ನನ್ನ ಜೀವಮಾನದ ಒಳ್ಳೆಯ ಫೋಟೋ ಅದೊಂದೇ. ಗಾಜು ಒರೆಸಿ, ನಾನೂ ಇಟ್ಟೆ. ಬೆಳಗಿನ ಬಿಸಿಲು ಅವಳ ಮುಖದ ಮೇಲೆ ಬೀಳುತ್ತಿತ್ತು. ಅಂಗಡಿಯ ಒಳಗಿನಿಂದ ನೋಡುತ್ತಾ ಕೂತೆ. ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸಿತು.

ಸೊಪ್ಪು ಮಾರುವ ಒಬ್ಬ ಅಜ್ಜಿ ಬುಟ್ಟಿ ಹೊತ್ತು ಹೋಗುತ್ತಿದ್ದವಳು ಗಾಜಿನ ಮುಂದೆ ನಿಂತಳು. ಫೋಟೋ ನೋಡಿದಳು. ತಲೆಯೆತ್ತಿ ಅಂಗಡಿ ಯಾವುದೆಂದು ನೋಡಿದಳು. ಬುಟ್ಟಿ ಇಳಿಸಿ, ಫೋಟೋಗೆ ಕೈಮುಗಿದು, ಕಣ್ಣಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ ಕಂದ, ಇಷ್ಟ್ ಚಿಕ್ಕ ವಯಸ್ಗೇ ಓದ್ಳಲ್ಲಪ್ಪ. ಏನಾಗಿತ್ತಣ್ಣ ಈ ಮಗೀಗೆ?"

ನಾನು ದಡಬಡಿಸಿ ಹೊರಗೆ ಬಂದೆ. "ಏನೂ ಆಗಿಲ್ಲ ಅಜ್ಜಿ! ಚೆನ್ನಾಗವ್ಳೆ. ಕೆ.ಆರ್. ನಗರಕ್ಕೆ ಕೊಟ್ಟವ್ರೆ, ಎರಡ್ ಮಕ್ಳವೆ."

ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ನನ್ನ ಮೇಲೆ ಬಹಳ ಕನಿಕರ ಬಂದ ಹಾಗಿತ್ತು.

"ಊಂ ಕಣಪ್ಪ, ಅಂಗೇ ಅನ್ಕಬೇಕು, ಬುಡು" ಎಂದು ನನ್ನ ಬೆನ್ನು ಸವರಿ, ಬುಟ್ಟಿ ಎತ್ತಿಕೊಂಡು, 'ಬತ್ತೀನಿ' ಅನ್ನದೆ ಹೊರಟುಹೋದಳು.

ನಾನು ಗಾಜು ತೆರೆದು ಫೋಟೋ ಒಳಗಿಟ್ಟೆ.